ಥ್ರೋ ಟು, ಥ್ರೋ ಆ್ಯಟ್: ಯಾವುದು ಸರಿ?

'ಥ್ರೋ' ಜೊತೆ 'ಟು' ಹಾಕಬೇಕೋ 'ಆ್ಯಟ್' ಹಾಕಬೇಕೋ ಅಂತ ಕೇಳಿದ್ದೀರಿ. ಎರಡೂ ಸರಿ, ಅರ್ಥ ಮಾತ್ರ ಬೇರೆ. 'ಐ ಥ್ರೂ ದ ಬಾಲ್ ಟು ಹಿಮ್' ಅಂದರೆ ಅವನು ಹಿಡಿಯಲಿ ಅಂತ ಎಸೆದೆ. 'ಆ್ಯಟ್ ಹಿಮ್' ಅಂದರೆ ಅವನಿಗೆ ತಾಗಲಿ ಅಂತಲೇ ಬೀಸಿದೆ! ನಾವೂ 'ಅವನಿಗೆ ಎಸೆದೆ', 'ಅವನ ಮೇಲೆ ಎಸೆದೆ' ಅನ್ನುತ್ತೇವಲ್ವಾ, ಹಾಗೇ.

'ಶೌಟ್' ಕೂಡ ಇದೇ ಜಾತಿ. ದೂರದಲ್ಲಿರುವವರಿಗೆ ಕೇಳಿಸಲಿ ಅಂತ ಕೂಗಿದರೆ 'ಶೌಟ್ ಟು', ಸಿಟ್ಟಿನಿಂದ ರೇಗಿದರೆ 'ಶೌಟ್ ಆ್ಯಟ್'. ನಾನೊಮ್ಮೆ ಗೆಳೆಯನಿಗೆ 'ಐ ಶೌಟೆಡ್ ಆ್ಯಟ್ ಯು ಯೆಸ್ಟರ್‌ಡೇ' ಅಂತ ಮೆಸೇಜ್ ಹಾಕಿದ್ದೆ. ಸುಮ್ನೆ ಕರೆದಿದ್ದು, ಓದಿದವನಿಗೆ ಬೈದ ಹಾಗಾಯ್ತು.

'ಪಾಯಿಂಟ್' ಬಂದಾಗ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೆರಳು ತೋರಿಸುವುದಕ್ಕೆ ಎರಡೂ ನಡೆಯುತ್ತವೆ.