ಸಾಲ ತಮ್ಮನದು, ಸಹಿ ಅಣ್ಣನದು

ಪ್ರಶ್ನೆ: ನನ್ನ ಮೈದುನ ಮಂಡಕ್ಕಿ ಭಟ್ಟಿ ಹಾಕಲು ಪತ್ತಿನ ಸಹಕಾರ ಸಂಘದಿಂದ 3 ಲಕ್ಷ ಸಾಲ ತಂದ. ಅದಕ್ಕೆ ಅನುದಾನಿತ ಶಾಲೆಯಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರು ಜಾಮೀನು. ಅದು ಸಾಲದೆ 1 ಲಕ್ಷ ಕೈಸಾಲ ತಂದ, ನೂರಕ್ಕೆ ಐದು ರೂಪಾಯಿ ಬಡ್ಡಿ. ಅದಕ್ಕೂ ಯಜಮಾನರೇ ಖಾಲಿ ಚೆಕ್ ಕೊಟ್ಟಿದ್ದಾರೆ. 14 ತಿಂಗಳಿಂದ ಆ ಬಡ್ಡಿ ಕಟ್ಟುತ್ತಿರುವವರು ನಾವೇ. ನನ್ನ ಹೆಸರಲ್ಲೂ ಮೈಕ್ರೋ ಫೈನಾನ್ಸ್‌ನಿಂದ 40,000 ಎತ್ತಿ ಕೊಟ್ಟಿದ್ದೇನೆ. ಈಗ ಭಟ್ಟಿ ಬಂದ್, ಮೈದುನ ಫೋನ್ ಎತ್ತುವುದಿಲ್ಲ. ‘ಅಣ್ಣ ಆದೋನು ತೀರಿಸಬೇಕು, ನಿನ್ನ ಒಡವೆ ಮಾರು’ ಅಂತಾರೆ ಅತ್ತೆ. ಅವರ ಹೆಸರಲ್ಲಿರೋ ಸೈಟಿನ ಮಾತೆತ್ತಿದರೆ ಊಟ ಬಿಡ್ತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಣ್ಣ ಎಂಬ ಕಾರಣಕ್ಕೆ ಯಾರೂ ತಮ್ಮನ ಸಾಲಕ್ಕೆ ಹೊಣೆಯಲ್ಲ, ಸಹಿ ಹಾಕಿದ್ದರೆ ಮಾತ್ರ ಹೊಣೆ. ಮೂರೂ ಸಾಲದಲ್ಲಿ ನಿಮ್ಮ ಮನೆಯ ಸಹಿ ಇದೆ, ಆದರೆ ಮೂರರ ತೂಕ ಒಂದೇ ಅಲ್ಲ.

ಮೊದಲು ಕೈಸಾಲ. ತಿಂಗಳಿಗೆ 5,000, ಅಂದರೆ ವರ್ಷಕ್ಕೆ ಶೇ 60. ಈವರೆಗೆ 70,000 ಹೋಗಿದೆ, ಅಸಲು ಒಂದು ಪೈಸೆ ಇಳಿದಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರ ಕೂಡ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆ ಲೆಕ್ಕದಲ್ಲಿ 14 ತಿಂಗಳ ಬಡ್ಡಿ 19,000 ಮುಟ್ಟುವುದಿಲ್ಲ. ಮಿಕ್ಕ 51,000 ಅಸಲಿಗೆ ಜಮೆ ಆಗಬೇಕಿತ್ತು ಎಂದು ಪಟ್ಟು ಹಿಡಿಯಿರಿ. ಅದಕ್ಕೆ ಮುಂಚೆ ಯಾವ ತಾರೀಖು ಎಷ್ಟು ಕೊಟ್ಟಿರಿ ಎಂದು ಬರೆದಿಡಿ, ಫೋನ್‌ಪೇಯಲ್ಲಿ ಕಳಿಸಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಮಾತಾಡಲು ಒಬ್ಬರೇ ಹೋಗಬೇಡಿ.

ಚೆಕ್ ವಿಷಯದಲ್ಲಿ ಜನ ಎಡವುವುದೇ ಹೆಚ್ಚು. ‘ಸ್ಟಾಪ್ ಪೇಮೆಂಟ್ ಕೊಡಿ, ಮುಗೀತು’ ಎನ್ನುವವರ ಮಾತು ಕೇಳಬೇಡಿ, ಹಾಗೆ ವಾಪಸಾದ ಚೆಕ್ಕಿಗೂ ಕೇಸು ಬೀಳುತ್ತದೆ. ಸಹಿ ಇರುವ ಖಾಲಿ ಚೆಕ್ಕಿನಲ್ಲಿ ಮೊತ್ತ ಬೇರೆಯವರು ತುಂಬಿದರೂ ಅದು ಚೆಕ್ಕೇ. ಬೌನ್ಸ್ ಆದರೆ ನೋಟಿಸ್ ಬರುತ್ತದೆ, ದುಡ್ಡು ಕಟ್ಟಲು ಅದು ಕೈಸೇರಿದ ದಿನದಿಂದ 15 ದಿನ ಗಡುವು. ಪೋಸ್ಟ್‌ಮ್ಯಾನ್ ತಂದ ನೋಟಿಸ್ ಬೇಡ ಎಂದು ವಾಪಸ್ ಕಳಿಸಿದರೂ ತಲುಪಿದಂತೆಯೇ ಲೆಕ್ಕ. ವಕೀಲರ ಮೂಲಕ ಉತ್ತರ ಕೊಡಿಸಿ: ಚೆಕ್ ಕೊಟ್ಟದ್ದು ಯಾಕೆ, ಈವರೆಗೆ ಕಟ್ಟಿದ್ದು ಎಷ್ಟು. ಮನೆ ಮುಂದೆ ನಿಂತು ಬೆದರಿಸಿದರೆ 112ಕ್ಕೆ ಕರೆ ಮಾಡಿ. ಕಿರುಕುಳ ಕೊಟ್ಟು ವಸೂಲಿ ಮಾಡುವವರಿಗೆ ರಾಜ್ಯದ 2025ರ ಕಾನೂನಿನಲ್ಲಿ 10 ವರ್ಷದವರೆಗೂ ಜೈಲಿದೆ.

ಒಡವೆ ನಿಮ್ಮದು, ಸ್ತ್ರೀಧನ. ಮಾರು ಎಂದು ಒತ್ತಾಯಿಸುವ ಹಕ್ಕು ಅತ್ತೆಗೂ ಇಲ್ಲ, ಯಜಮಾನರಿಗೂ ಇಲ್ಲ. ಆದರೂ ಒಂದು ಲೆಕ್ಕ ನೋಡಿ: ಬ್ಯಾಂಕಿನ ಒಡವೆ ಸಾಲದ ಬಡ್ಡಿ ಶೇ 60ರ ಹತ್ತಿರಕ್ಕೂ ಬರುವುದಿಲ್ಲ. ನಿಮಗೇ ಮನಸ್ಸಿದ್ದರೆ ಮಾರದೆ ಸ್ವಲ್ಪ ಅಡವಿಟ್ಟು ಕೈಸಾಲವೊಂದನ್ನೇ ಪೂರ್ತಿ ಚುಕ್ತಾ ಮಾಡಿ. ಒಂದು ಕೈಯಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಚೆಕ್ಕು, ಪ್ರೋನೋಟು. ‘ಮನೇಲಿದೆ, ನಾಳೆ ಕೊಡ್ತೀನಿ’ ಎಂದರೆ ನೀವೂ ನಾಳೆಯೇ ಕೊಡಿ.

ಮೈಕ್ರೋ ಫೈನಾನ್ಸ್ ಕಂತು ತಪ್ಪಿಸಬೇಡಿ. ಅದು ನಿಮ್ಮ ಹೆಸರಿನ ಸಾಲ, ತಪ್ಪಿದರೆ ಗುಂಪಿನ ಅಕ್ಕಪಕ್ಕದವರ ಹತ್ತಿರವೂ ಮುಖ ಕೆಡುತ್ತದೆ. ಹೊಸ ಕಾನೂನಿನಲ್ಲಿ ಸಾಲವೆಲ್ಲ ಮನ್ನಾ ಎಂಬ ಮಾತು ನಂಬಬೇಡಿ, ಆರ್‌ಬಿಐ ನೋಂದಣಿ ಇರುವ ಕಂಪನಿಯ ಸಾಲ ಹಾಗೇ ಇದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಅವರು ವಸೂಲಿಗೆ ಫೋನ್ ಮಾಡುವಂತಿಲ್ಲ, ಅಷ್ಟೇ.

ಸಹಕಾರ ಸಂಘದ ಮಾತು. ‘ಮೊದಲು ತಮ್ಮನನ್ನು ಹಿಡಿಯಿರಿ’ ಎಂದು ಜಾಮೀನುದಾರ ಹೇಳಲಾಗದು, ಸಂಘ ನೇರವಾಗಿ ನಿಮ್ಮ ಯಜಮಾನರನ್ನೇ ಕೇಳಬಹುದು. ಸಂಬಳದಿಂದ ಮುರಿದುಕೊಳ್ಳಲು ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿದ್ದಾರಾ ಎಂದು ಇವತ್ತೇ ಕೇಳಿ, ಎಷ್ಟೋ ಜನ ಓದದೆ ಹಾಕಿರುತ್ತಾರೆ. ಅಸಲು, ಬಡ್ಡಿ, ದಂಡ ಬಡ್ಡಿ ಬೇರೆ ಬೇರೆ ತೋರಿಸುವ ಲೆಕ್ಕಪತ್ರಕ್ಕೆ ಅರ್ಜಿ ಕೊಡಿ. ಪ್ರಕರಣ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಮುಂದೆ ಹೋಗುವ ಮೊದಲೇ ದಂಡ ಬಡ್ಡಿ ಬಿಡಿಸಿ ಕಂತು ಮಾಡಿಸಿಕೊಳ್ಳುವುದು ಸುಲಭ. ಯಜಮಾನರ ಖಾತೆಯಿಂದಲೇ ಕಟ್ಟಿ, ರಸೀದಿಯಲ್ಲಿ ‘ಜಾಮೀನುದಾರರಿಂದ’ ಎಂದು ಬರೆಸಿ. ಮುಂದೆ ಆ ದುಡ್ಡನ್ನು ಮೈದುನನಿಂದ ಕಾನೂನಿನ ಮೂಲಕ ಕೇಳಲು ಆ ಒಂದು ಸಾಲು ಬೇಕು.

ಭಟ್ಟಿ ನಿಂತರೂ ಉದ್ರಿ ಪುಸ್ತಕ ನಿಂತಿರುವುದಿಲ್ಲ. ಯಾವ ಅಂಗಡಿಗೆ ಎಷ್ಟು ಚೀಲ ಮಂಡಕ್ಕಿ ಉದ್ರಿ ಹೋಗಿದೆ ಎಂದು ಮೈದುನ ಬರೆದುಕೊಡಲಿ, ವಸೂಲಾದದ್ದು ನೇರ ಸಂಘಕ್ಕೆ ಹೋಗಲಿ. ಯಂತ್ರ ಸಂಘಕ್ಕೆ ಅಡವಿದ್ದರೆ ಗುಟ್ಟಾಗಿ ಮಾರಲು ಬಿಡಬೇಡಿ.

ಅತ್ತೆಯ ಹತ್ತಿರ ನೀವು ಮಾತಾಡಬೇಡಿ, ಸೊಸೆ ಬಾಯಲ್ಲಿ ಬಂದದ್ದೆಲ್ಲ ಜಗಳವಾಗುತ್ತದೆ. ಮಗನೇ ಹೇಳಲಿ: ‘ಅವ್ವಾ, ತಿಂಗಳಿಗೆ ನಾಲ್ಕು ಸಾವಿರ ಸೀದಾ ಸಂಘಕ್ಕೆ ಕಟ್ತೀನಿ. ಹೊಸ ಸಹಿ ಹಾಕಲ್ಲ. ಸೈಟು ನಿಂದು, ಏನು ಮಾಡ್ತೀಯೋ ನೀನೇ ಹೇಳು.’ ನಾಳೆ ಸೈಟಿನಲ್ಲಿ ಪಾಲು ಕೊಡ್ತೀವಿ ಎಂದು ಬಾಯಲ್ಲಿ ಹೇಳಿದರೆ ಅದನ್ನು ನಂಬಿ ದುಡ್ಡು ಸುರಿಯಬೇಡಿ. ಸೈಟು ಅತ್ತೆಯ ಹೆಸರಲ್ಲಿದೆ, ಅದರಲ್ಲಿ ಪಾಲು ಕೊಡುವ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವವರೆಗೆ ಪಾಲು ನಿಮ್ಮದಾಗುವುದಿಲ್ಲ.

ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಅಪ್ಪ ತೀರಿಕೊಂಡರು. ಶೇಂಗಾ ಬೆಳೆಗೆ ಮಾಡಿದ ಕೈಸಾಲವನ್ನು ನನ್ನಿಂದ ಕೇಳುತ್ತಿದ್ದಾರೆ, ಹೊಸ ಪ್ರೋನೋಟಿಗೆ ಸಹಿ ಹಾಕು ಅಂತಾರೆ. ಅಕ್ಕನಿಗೆ ಜಮೀನಿನಲ್ಲಿ ಪಾಲು ಬೇಕಂತೆ, ಸಾಲ ಬೇಡವಂತೆ.
– ಓದುಗ, ಚಳ್ಳಕೆರೆ

ಉತ್ತರ: ಸಹಿ ಹಾಕಬೇಡಿ. ಅಪ್ಪನ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗಷ್ಟೇ ಹೊಣೆ. ನಿಮ್ಮ ಸ್ವಂತ ದುಡಿಮೆಗೆ ಅದು ತಗಲುವುದಿಲ್ಲ. ಹೊಸ ಪ್ರೋನೋಟು ಬರೆದ ಕ್ಷಣ ಅದು ನಿಮ್ಮ ಸಾಲ. ಹಳೆಯದರ ತಾರೀಖು ನೋಡಿ: ಕೈಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷ ಅವಧಿ. ಅದರೊಳಗೆ ಲಿಖಿತವಾಗಿ ಒಪ್ಪಿಕೊಂಡರೆ 3 ವರ್ಷ ಹೊಸದಾಗಿ ಶುರು. ಅಕ್ಕನಿಗೆ ಸಮಪಾಲು ಉಂಟು, ಆದರೆ ಪಾಲಿನ ಜೊತೆ ಋಣವೂ ಬರುತ್ತದೆ. ಅವ್ವ ಇದ್ದರೆ ಅವರೂ ಪಾಲುದಾರರೇ. ವಿಭಾಗ ಪತ್ರ ಬರೆಸುವ ಮುಂಚೆ ಪಹಣಿಯ ಋಣದ ಕಾಲಂ ನೋಡಿ, ಬ್ಯಾಂಕಿನ ಬೆಳೆ ಸಾಲ ಅಲ್ಲಿ ಕೂತಿದ್ದರೆ ಯಾರು ಎಷ್ಟು ಕಟ್ಟಬೇಕು ಎಂಬುದನ್ನು ಆ ಪತ್ರದಲ್ಲೇ ಬರೆಸಿ.