ಎರಡೂವರೆ ವರ್ಷದ ಮಗ ಊಟ ಮಾಡುವುದಿಲ್ಲ, ಬರೀ ಹಾಲು ಕುಡಿಯುತ್ತಾನೆ. ಯಾವ ಟಾನಿಕ್ ಕೊಡಲಿ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಐದು ವರ್ಷದ ಹಿಂದಿನ ನಮ್ಮ ಮನೆ ಕಣ್ಣ ಮುಂದೆ ಬಂತು. ಮಗ ಅನ್ನ ಕಂಡರೆ ಬಾಯಿ ಬಿಗಿಯುತ್ತಾನೆ, ದಿನಕ್ಕೆ ನಾಲ್ಕೈದು ಬಾಟಲಿ ಹಾಲು ಕುಡಿಯುತ್ತಾನೆ, ಮೊಬೈಲ್ ಹಿಡಿದರೆ ಮಾತ್ರ ನಾಲ್ಕು ತುತ್ತು ಒಳಗೆ ಹೋಗುತ್ತದೆ, ತೂಕ ಹನ್ನೊಂದೂವರೆ ಕೆಜಿ, ಹಸಿವು ಹೆಚ್ಚಿಸುವ ಟಾನಿಕ್ ಯಾವುದಾದರೂ ಹೇಳಿ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಇಬ್ಬರು ಮಕ್ಕಳ ತಾಯಿ. ಟಾನಿಕ್ ಹೆಸರು ಹೇಳುವುದಿಲ್ಲ. ಮೊದಲು ಒಂದು ಮಾತು ಕೇಳುತ್ತೇನೆ. ಆ ನಾಲ್ಕೈದು ಬಾಟಲಿ ಸೇರಿ ಎಷ್ಟು ಹಾಲಾಗುತ್ತದೆ ಅಂತ ಅಳೆದು ನೋಡಿದ್ದೀರಾ?

ನಾವು ಅಳೆದಿರಲಿಲ್ಲ. ನನ್ನ ದೊಡ್ಡ ಮಗಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಪಕ್ಕದ ಮನೆಯ ಹಸುವಿನ ಹಾಲು, ಬೆಳಿಗ್ಗೆ ಎದ್ದ ಕೂಡಲೇ ಒಂದು ಬಾಟಲಿ, ತಿಂಡಿ ತಿನ್ನಲಿಲ್ಲ ಅಂತ ಇನ್ನೊಂದು, ಮಧ್ಯಾಹ್ನ ಮಲಗಿಸಲು ಒಂದು, ಸಂಜೆ ಒಂದು, ರಾತ್ರಿ ನಿದ್ದೆಯಲ್ಲೇ ಒಂದು. ಕೆನ್ನೆ ತುಂಬಿಕೊಂಡು ಗುಂಡಗಿದ್ದಳು. "ಹಾಲು ಕುಡಿಯೋ ಮಗು, ಚಿಂತೆ ಯಾಕೆ" ಅಂತ ಬಂದವರೆಲ್ಲ ಹೇಳುತ್ತಿದ್ದರು. ನನಗೂ ಅದೇ ಸಮಾಧಾನ. ಊಟ ಮಾಡದಿದ್ದರೇನು, ಹೊಟ್ಟೆಗೆ ಹಾಲಾದರೂ ಬಿತ್ತಲ್ಲ ಅಂದುಕೊಳ್ಳುತ್ತಿದ್ದೆ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಓಡಾಡುತ್ತಿದ್ದ ಹುಡುಗಿ ಮೆಟ್ಟಿಲ ಮೇಲೆ ಸುಮ್ನೆ ಕೂತಿರುತ್ತಿದ್ದಳು. ಸಣ್ಣದಕ್ಕೂ ಅಳು. ಒಂದು ದಿನ ಕಸ ಗುಡಿಸುವಾಗ ಕೋಣೆಯ ಬಾಗಿಲ ಹಿಂದೆ ನೋಡಿದೆ. ನನ್ನ ಮೊಣಕಾಲೆತ್ತರಕ್ಕೆ ಗೋಡೆಯ ಸುಣ್ಣ ಕೆರೆದು ಹೋಗಿತ್ತು, ಪುಟ್ಟ ಉಗುರುಗಳ ಗೆರೆ ಸಾಲಾಗಿ ಮೂಡಿದ್ದವು. ಅವಳ ತುಟಿಯ ಅಂಚಿನಲ್ಲಿ ಬಿಳಿ ಪುಡಿ. ಅವತ್ತು ಅವಳಿಗೆ ಹೊಡೆದೆ. ಅದು ಕಾಯಿಲೆಯ ಗುರುತು ಅಂತ ಗೊತ್ತಿರಲಿಲ್ಲ. ಮಗು ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಇದೊಂದು ಮಾತು ನನಗೆ ಆಗಲೇ ಯಾರಾದರೂ ಹೇಳಿದ್ದರೆ ಆ ಏಟು ಅವಳಿಗೆ ಬೀಳುತ್ತಿರಲಿಲ್ಲ.

ಮಕ್ಕಳ ಡಾಕ್ಟರು ಅವಳ ಕೆಳಗಿನ ರೆಪ್ಪೆಯನ್ನು ಬೆರಳಿಂದ ಎಳೆದು ನನಗೆ ತೋರಿಸಿದರು. ಕೆಂಪಗಿರಬೇಕಾದ ಜಾಗ ಕಾಗದದಂತೆ ಬೆಳ್ಳಗಿತ್ತು. ಅವಳ ಅಂಗೈಯನ್ನು ನನ್ನ ಅಂಗೈ ಪಕ್ಕ ಇಡಿಸಿದರು. ಮತ್ತೆ ಹೇಳುವುದೇ ಬೇಕಾಗಲಿಲ್ಲ. ಹಿಮೋಗ್ಲೋಬಿನ್ 7.6 ಬಂತು. ಎರಡರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅದು 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ದಿನಕ್ಕೆ ಎಷ್ಟು ಹಾಲು?" ಅಲ್ಲೇ ಕೂತು ಬೆರಳೆಣಿಸಿದೆವು. ಒಂದು ಲೀಟರ್ ದಾಟಿತ್ತು.

ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಒಂದು ಲೀಟರ್ ಹಾಲಿನಿಂದಲೇ ಬಂದುಬಿಡುತ್ತದೆ. ಹೊಟ್ಟೆ ತುಂಬಿದ ಮೇಲೆ ಅನ್ನಕ್ಕೆ ಯಾಕೆ ಬಾಯಿ ತೆರೆಯುತ್ತದೆ? ಆದರೆ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 8 ಮಿಲಿಗ್ರಾಂ ಕಬ್ಬಿಣ ಬೇಕು. ಲೀಟರ್ ಹಾಲು ಕುಡಿದರೂ 2 ಮಿಲಿಗ್ರಾಂ ಸಿಗುವುದಿಲ್ಲ. ಅದರ ಮೇಲೆ, ಹಾಲಿನ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವನ್ನೂ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಹೀಗೆ ತಿಂಗಳುಗಟ್ಟಲೆ ನಡೆದರೆ ರಕ್ತ ಕಡಿಮೆಯಾಗುತ್ತದೆ. ರಕ್ತ ಕಡಿಮೆಯಾದ ಮಗುವಿಗೆ ಹಸಿವೇ ಸತ್ತುಹೋಗುತ್ತದೆ. ಹಸಿವಿಲ್ಲ ಅಂತ ನಾವು ಇನ್ನೊಂದು ಬಾಟಲಿ ಹಾಲು ಕೊಡುತ್ತೇವೆ. ನಮ್ಮ ಮನೆಯಲ್ಲಿ ಒಂದು ವರ್ಷ ಹೀಗೇ ಸುತ್ತಿದ್ದೆವು. ಊಟ ಮಾಡಲ್ಲ ಅಂತ ಹಾಲು ಕೊಡುತ್ತಿದ್ದೆವು, ಹಾಲು ಕೊಡುತ್ತಿದ್ದುದಕ್ಕೇ ಅವಳು ಊಟ ಮಾಡುತ್ತಿರಲಿಲ್ಲ.

ಇದು ನಿಮ್ಮ ಮನೆಗೆ, ನಮ್ಮ ಮನೆಗೆ ಮಾತ್ರ ಬಂದದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಮೂವರಲ್ಲಿ ಇಬ್ಬರು ಅನ್ನಿ. ಎಲ್ಲರಿಗೂ ಹಾಲಿನಿಂದಲೇ ಬಂದದ್ದು ಅಂತ ನಾನು ಹೇಳುತ್ತಿಲ್ಲ. ಬಡತನ, ಜಂತುಹುಳು, ತಾಯಿಗೇ ರಕ್ತ ಕಡಿಮೆ ಇದ್ದದ್ದು, ಕಾರಣ ಹಲವು. ಆದರೆ ತಿನ್ನಲು ಏನೂ ಕೊರತೆಯಿಲ್ಲದ ಮನೆಯಲ್ಲಿ ಹೀಗಾದರೆ ಹಾಲಿನ ಲೆಕ್ಕ ನೋಡಲೇಬೇಕು. ಮೊದಲ ಎರಡು ಮೂರು ವರ್ಷ ಮಿದುಳು ಜೋರಾಗಿ ಬೆಳೆಯುವ ಕಾಲ. ಆಗ ಕಬ್ಬಿಣ ಕಡಿಮೆಯಾದರೆ ಮುಂದೆ ಕಲಿಕೆಗೂ ತೊಂದರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಂತ ಹಾಲು ಶತ್ರು ಅಲ್ಲ, ಪೂರ್ತಿ ಬಿಡಿಸಲೂಬೇಡಿ. ದಿನಕ್ಕೆ ಎರಡು ಸಣ್ಣ ಲೋಟ, ಒಟ್ಟು 400 ಮಿಲಿ ಮೀರದಂತೆ ಅಂದರು ಡಾಕ್ಟರು. ನಮ್ಮ ಅಂಗನವಾಡಿ, ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಾರಲ್ಲ, ಅಲ್ಲೂ ಒಂದು ಸಲಕ್ಕೆ 150 ಮಿಲಿ. ಹಾಲು ಲೋಟದಲ್ಲೇ ಇರಲಿ, ಊಟಕ್ಕೆ ಮೊದಲು ಬೇಡ.

ಬಾಟಲಿ ಬಿಡಿಸುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಹಗಲಿನ ಬಾಟಲಿಗಳನ್ನು ವಾರಕ್ಕೊಂದರಂತೆ ನಿಲ್ಲಿಸಿದೆವು. ರಾತ್ರಿಯದನ್ನು ಕೊನೆಗೆ ಇಟ್ಟುಕೊಂಡೆವು. ಮೂರು ರಾತ್ರಿ ಅತ್ತಳು. ಎರಡನೇ ರಾತ್ರಿ ನನ್ನ ಗಂಡ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಒಂದು ಗಂಟೆ ಓಡಾಡಿದರು. ಅತ್ತೆ ಬಾಗಿಲಲ್ಲಿ ನಿಂತು, "ಮಗು ಹಸಿದು ಸಾಯುತ್ತೆ, ಕೊಡ್ರೋ" ಅಂತ ಕಣ್ಣೀರು ಹಾಕಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾಲಿಗೂ ಗತಿಯಿಲ್ಲದೆ ಮಕ್ಕಳನ್ನು ಸಾಕಿದವರು ಅವರು. ಅವರ ಪಾಲಿಗೆ ಹಾಲು ಅಂದರೆ ಪ್ರೀತಿ. ಮಾರನೆಯ ದಿನ ಅವರನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಮೊಮ್ಮಗಳ ರೆಪ್ಪೆಯ ಒಳಗನ್ನು ಅವರಿಗೂ ತೋರಿಸಿದರು. ಅಲ್ಲಿಂದ ಮುಂದೆ ಮನೆಯಲ್ಲಿ ಬಾಟಲಿ ಹೊರಗೆ ತೆಗೆಯಲು ಬಿಡದಿದ್ದವರು ಅತ್ತೆಯೇ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಅವರ ಜೊತೆ ವಾದ ಮಾಡಬೇಡಿ, ಜೊತೆಗೆ ಕರೆದುಕೊಂಡು ಹೋಗಿ.

ಹಾಲು ಕಡಿಮೆ ಮಾಡಿದ ಕೂಡಲೇ ಮಗು ತಟ್ಟೆ ಹಿಡಿದು ಬರುವುದಿಲ್ಲ. ನಮ್ಮಲ್ಲಿ ಒಂದು ವಾರ ಏನೂ ಆಗಲಿಲ್ಲ. ಅದು ಅವರೆಕಾಯಿ ಕಾಲ. ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಇವಳು ಪಕ್ಕದಲ್ಲಿ ಕೂತಳು. ಎರಡು ಬೆರಳ ನಡುವೆ ಕಾಳು ಒತ್ತಿದಾಗ ಬೇಳೆ ಪುಸಕ್ಕನೆ ಜಾರಿ ಪಾತ್ರೆಗೆ ಬೀಳುತ್ತದಲ್ಲ, ಅದು ಅವಳಿಗೆ ಹಿಡಿಸಿತು. ಅರ್ಧ ಗಂಟೆ ನಾಲಿಗೆ ಹೊರಗಿಟ್ಟುಕೊಂಡು ಹಿತಕಿದಳು. ರಾತ್ರಿ ಸಾರು ಬಡಿಸುವಾಗ, "ನಂದು, ನಂದು ಹಾಕು" ಅಂದಳು. ಅವಳು ಹಿತಕಿದ ಬೇಳೆ. ಅನ್ನಕ್ಕೆ ಮೆತ್ತಗೆ ಹಿಸುಕಿ ಕೊಟ್ಟೆ. ತಾನೇ ಕೈ ಹಾಕಿ ತಿಂದಳು, ಮುಖಕ್ಕೆಲ್ಲ ಮೆತ್ತಿಕೊಂಡು. ಮೊಬೈಲ್ ಇರಲಿಲ್ಲ, ಕಾಗೆ ಗುಬ್ಬಿ ತೋರಿಸಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತು ಬಂದೆ.

ಮೊಬೈಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಬಾಯಲ್ಲಿ ಏನಿದೆ, ಹೊಟ್ಟೆ ತುಂಬಿತಾ ಅನ್ನುವುದು ತಿಳಿಯುವುದಿಲ್ಲ. ನಮ್ಮ ಡಾಕ್ಟರು ಒಂದು ಸರಳ ಹಂಚಿಕೆ ಹೇಳಿಕೊಟ್ಟರು. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಅನ್ನುವುದು ನಿಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ಎಲ್ಲರ ಜೊತೆ ಕೂರಿಸಿ, ನೀವು ತಿನ್ನುವುದನ್ನೇ ಖಾರ ಕಡಿಮೆ ಮಾಡಿ ಸ್ವಲ್ಪ ಬಡಿಸಿ. ಇಪ್ಪತ್ತು ನಿಮಿಷ ಆದ ಮೇಲೆ ಮಾತಿಲ್ಲದೆ ತಟ್ಟೆ ತೆಗೆಯಿರಿ. ನಡುವೆ ಬಿಸ್ಕತ್ತು ಬೇಡ. ಪ್ರಮಾಣವೂ ನಾವು ಅಂದುಕೊಂಡಷ್ಟು ಬೇಡ. ಈ ವಯಸ್ಸಿಗೆ ಒಂದೊಂದು ಪದಾರ್ಥ ಎರಡು ಮೂರು ದೊಡ್ಡ ಚಮಚ ಸಾಕು. ಮೊದಲ ವರ್ಷ ಹುಟ್ಟಿದಾಗಿನ ತೂಕ ಮೂರು ಪಟ್ಟಾಗುತ್ತದೆ, ಆಮೇಲೆ ವರ್ಷಕ್ಕೆ ಎರಡು ಎರಡೂವರೆ ಕೆಜಿ ಮಾತ್ರ. ಹಸಿವು ತಾನಾಗೇ ಇಳಿಯುತ್ತದೆ. ನಿಮ್ಮ ಮಗನ ಹನ್ನೊಂದೂವರೆ ಕೆಜಿ ಅಷ್ಟೇನೂ ಕಡಿಮೆ ಅಲ್ಲ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಗೆ ಹೋಲಿಸಿ ನೋಡಿ, ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ. ಹೊಸ ರುಚಿಯನ್ನು ಒಪ್ಪಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಕಾಣಿಸಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ ಕೈ ಚೆಲ್ಲುತ್ತೇವೆ ಅಲ್ವಾ?

ಇನ್ನು ಕಬ್ಬಿಣದ ಆಹಾರ. ಇಲ್ಲಿ ನಂಬಿಕೆಗಳು ಜಾಸ್ತಿ. ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಅಂತ ರಕ್ತ ಆಗುವುದಿಲ್ಲ, ಅವುಗಳಲ್ಲಿ ಕಬ್ಬಿಣ ತೀರಾ ಕಡಿಮೆ. ತಿನ್ನಲಿ, ಒಳ್ಳೆಯದೇ, ಆದರೆ ಔಷಧಿ ಅಂದುಕೊಳ್ಳಬೇಡಿ. ಒಂದು ಚೂರು ಬೆಲ್ಲದಿಂದಲೂ ಆಗುವುದಿಲ್ಲ. ರಾಗಿಯ ನಿಜವಾದ ಬಲ ಕ್ಯಾಲ್ಸಿಯಂ, ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಅದರಲ್ಲಿ ಕಬ್ಬಿಣವೂ ಇದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ಹಿಟ್ಟಾದರೆ ಅದು ಚೆನ್ನಾಗಿ ಮೈಗೆ ಹತ್ತುತ್ತದೆ. ನಮ್ಮ ಅಜ್ಜಿಯರು ಸರಿ ಹಿಟ್ಟಿಗೆ ರಾಗಿಯನ್ನು ಮೊಳಕೆ ಬರಿಸುತ್ತಿದ್ದುದು ಸುಮ್ನೆ ಅಲ್ಲ. ಹುರುಳಿ, ಹೆಸರುಕಾಳು, ಕಡಲೆ, ಹರಿವೆ, ನುಗ್ಗೆಸೊಪ್ಪು, ಎಲ್ಲ ಕೊಡಿ. ಬಡಿಸುವಾಗ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕಬ್ಬಿಣ ಹೀರಿಕೊಳ್ಳಲು ಅದು ನೆರವಾಗುತ್ತದೆ. ಮಾಂಸ ತಿನ್ನುವವರಾದರೆ ಕೋಳಿ, ಮೀನು, ಲಿವರ್ ಇನ್ನೂ ಬೇಗ ಮೈಗೆ ಹತ್ತುತ್ತವೆ. ಇಡೀ ಕಡಲೆಕಾಯಿ ಬೀಜ, ಗಟ್ಟಿ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಟೀ ಅಂತೂ ಬೇಡವೇ ಬೇಡ, ಬಿಸ್ಕತ್ತು ಅದ್ದಿ ಕೊಡಲೂಬೇಡಿ. ಅದು ಕಬ್ಬಿಣವನ್ನು ತಡೆಯುತ್ತದೆ.

ಹಾಲಿಗೆ ಬೆರೆಸುವ ಪುಡಿಗಳನ್ನೂ ಬಿಟ್ಟುಬಿಡಿ. ಹೆಚ್ಚಿನವುಗಳಲ್ಲಿ ಸಕ್ಕರೆಯೇ ಜಾಸ್ತಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥವನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ನಮ್ಮ ಆಹಾರ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನುವ ವ್ಯಾಖ್ಯೆಯೇ ಇಲ್ಲ. ಹಸಿವಿನ ಟಾನಿಕ್ಕನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ.

ರಕ್ತ ನಿಜವಾಗಿ ಕಡಿಮೆ ಇದ್ದರೆ ಊಟವೊಂದೇ ಸಾಲದು, ಕಬ್ಬಿಣದ ಔಷಧಿ ಬೇಕೇ ಬೇಕು. ಅದನ್ನು ಡಾಕ್ಟರು ತೂಕ ನೋಡಿ ಬರೆದುಕೊಡಬೇಕು. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ, ಥಲಸ್ಸೇಮಿಯಾ ಥರದ, ಅಪ್ಪ ಅಮ್ಮನಿಂದ ಹುಟ್ಟಿನಲ್ಲೇ ಬರುವ ರಕ್ತದ ಕಾಯಿಲೆಯೂ ಇರುತ್ತದೆ. ಅದಕ್ಕೇ ಪರೀಕ್ಷೆ ಮೊದಲು. ನಮ್ಮವಳಿಗೆ ಔಷಧಿ ಶುರು ಮಾಡಿದ ಮೂರನೇ ದಿನ ಮಲ ಕಪ್ಪಗಾಯಿತು, ಗಾಬರಿಯಾದೆ. ಅದು ಸಹಜವಂತೆ. ಹಾಲಿನ ಜೊತೆ ಕೊಡಬಾರದು. ಹಲ್ಲಿಗೆ ಕಲೆ ಹತ್ತದಂತೆ ನಾಲಿಗೆಯ ಹಿಂದಕ್ಕೆ ಹಾಕಿ ನೀರು ಕುಡಿಸುತ್ತಿದ್ದೆ. ಮಲ ಗಟ್ಟಿಯಾದಾಗ ಪಪ್ಪಾಯಿ ಕೊಟ್ಟೆ. ಒಂದು ತಿಂಗಳಿಗೆ 9.3, ಮೂರು ತಿಂಗಳಿಗೆ 11.4. ಅಲ್ಲಿಗೇ ನಿಲ್ಲಿಸಲು ಹೊರಟಿದ್ದೆ, ಡಾಕ್ಟರು ಬಿಡಲಿಲ್ಲ. ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಎರಡು ತಿಂಗಳು ಕೊಡಿಸಿದರು. ಸುಣ್ಣ ಕೆರೆಯುವುದು ಮಾತ್ರ ಎರಡೇ ವಾರಕ್ಕೆ ನಿಂತಿತ್ತು.

ಖರ್ಚಿನ ಯೋಚನೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಕೊಡಬೇಕು ಅಂತಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ. ಅದು ತಡೆಗಾಗಿ ಕೊಡುವ ಪ್ರಮಾಣ, ಚಿಕಿತ್ಸೆಯ ಪ್ರಮಾಣ ಬೇರೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ, ಅದನ್ನೂ ತಪ್ಪಿಸಬೇಡಿ.

ಮಗ ಬಿಳಿಚಿಕೊಂಡಿದ್ದರೆ, ಬೇಗ ಸುಸ್ತಾಗುತ್ತಿದ್ದರೆ, ಉಸಿರು ಜೋರಾಗಿದ್ದರೆ, ತೂಕ ಇಳಿಯುತ್ತಿದ್ದರೆ, ನುಂಗುವಾಗ ಪ್ರತಿ ಸಲ ಉಬ್ಬಳಿಸಿದರೆ, ಅಥವಾ ಮಾತೂ ತಡವಾಗಿದ್ದು ಒಂದೆರಡು ಪದಾರ್ಥ ಬಿಟ್ಟು ಬೇರೇನನ್ನೂ ಮುಟ್ಟದಿದ್ದರೆ ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಇದ್ಯಾವುದೂ ಇಲ್ಲದಿದ್ದರೂ ರಕ್ತ ಪರೀಕ್ಷೆ ಒಂದು ಸಲ ಆಗಲಿ. ನಾಳೆ ಬೆಳಿಗ್ಗೆಯಿಂದ ಅವನಿಗೆ ಕೊಡುವ ಹಾಲನ್ನೆಲ್ಲ ಮೊದಲು ಅಳತೆ ಲೋಟಕ್ಕೆ ಹಾಕಿ, ಎಷ್ಟಾಯಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದ ಆ ಲೆಕ್ಕವನ್ನು ಡಾಕ್ಟರಿಗೆ ತೋರಿಸಿ. ಆಮೇಲೆ ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.