"ನಾನು ನಾಟಿಗೆ ಹೋದದ್ದಕ್ಕೆ ಅಲ್ಲವೇ?"

"ಈ ಕಾರ್ಡ್ ಇದ್ದವರು ಮದುವೆ ಆಗಬಹುದೇ?" ಈ ಪ್ರಶ್ನೆ ಹೊತ್ತು ನನ್ನ ಬಳಿ ಸಲಹೆಗೆ ಬರುವವರು ಹೆಚ್ಚುತ್ತಿದ್ದಾರೆ. ತಂದೆತಾಯಿಯಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ರಕ್ತಹೀನತೆಯನ್ನು 2047ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. ಆಮೇಲೆ ಕೊಡಗಿನ ಬುಡಕಟ್ಟು ಹಾಡಿಗಳಲ್ಲಿ, ಆಶ್ರಮ ಶಾಲೆಗಳಲ್ಲಿ, ತೋಟದ ಲೈನ್ ಮನೆಗಳಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು, ಫಲಿತಾಂಶ ಬರೆದ ಕಾರ್ಡ್ ಕೊಟ್ಟರು. ಕಾರ್ಡಿನ ಅರ್ಥವನ್ನು ಕೂತು ಹೇಳುವವರು ಮಾತ್ರ ಎಲ್ಲ ಕಡೆಗೂ ತಲುಪಲಿಲ್ಲ.

ಯಾವ ಹಾಡಿ, ಯಾವ ಸಮುದಾಯ ಎಂದು ಇಲ್ಲಿ ಬರೆಯುವುದಿಲ್ಲ. ಹಾಡಿಗಳು ಚಿಕ್ಕವು, ಎರಡು ಸಾಲು ಓದಿದರೆ ಗುರುತು ಸಿಕ್ಕಿಬಿಡುತ್ತದೆ. ಹುಡುಗಿಗೆ ಇಪ್ಪತ್ತೆರಡು ವರ್ಷ, ಪಿಯುಸಿ ಓದಿದ್ದಾಳೆ, ಕಾಫಿ ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಹೋಗುತ್ತಾಳೆ. ಅವಳೂ ಪಕ್ಕದ ಹಾಡಿಯ ಹುಡುಗನೂ ಪರಸ್ಪರ ಮೆಚ್ಚಿದ್ದರು, ಹಿರಿಯರೂ ಒಪ್ಪಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಎಲ್ಲರೆದುರು ಹೆಸರು ಕೂಗಿ ಕಾರ್ಡ್ ಹಂಚಿದರು. ಅವಳ ಕಾರ್ಡಿನಲ್ಲಿ "ವಾಹಕಿ" ಎಂದಿತ್ತು. ಹುಡುಗನ ತಾಯಿ "ರಕ್ತ ಕೆಟ್ಟ ಹುಡುಗಿ ನಮಗೆ ಬೇಡ" ಎಂದುಬಿಟ್ಟರು.

ಮೊದಲ ಸಲ ಅವಳು ಬಂದದ್ದು ಅಜ್ಜಿಯೊಡನೆ. "ಅಕ್ಕ, ಸರಿ ಇದೆ ಎಂದು ಬೇರೆ ಕಾರ್ಡ್ ಬರೆದುಕೊಡಲು ಆಗುತ್ತದೆಯೇ?" ಎಂದು ಅಜ್ಜಿಯೇ ಕೇಳಿದರು. ಆಗುವುದಿಲ್ಲ ಎಂದೆ. ಆದರೆ ಇರುವ ಕಾರ್ಡಿನಲ್ಲೇ ತಪ್ಪೇನೂ ಇಲ್ಲ ಎಂದು ತಿಳಿಸಲು ಒಂದು ಗಂಟೆ ಹಿಡಿಯಿತು. ಮೇಜಿನ ಮೇಲೆ ಕಾಫಿ ಹಣ್ಣುಗಳನ್ನು ಇಟ್ಟುಕೊಂಡಿದ್ದೆ. ಒಂದು ಹಣ್ಣು ಹಿಸುಕಿದರೆ ಎರಡು ಬೀಜ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಹೇಗಿರಬೇಕೆಂದು ಹೇಳುವ ವಂಶವಾಹಿಯೂ ನಮ್ಮಲ್ಲಿ ಹಾಗೆಯೇ ಜೋಡಿಯಾಗಿದೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಎರಡೂ ಬದಲಾಗಿದ್ದರೆ ಮಾತ್ರ ಕಾಯಿಲೆ. ಆಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ನೋವು ಕೊಡುತ್ತವೆ. ಸುಮಾರು 120 ದಿನ ಬದುಕಬೇಕಾದ ಕಣ 10ರಿಂದ 20 ದಿನಕ್ಕೇ ಒಡೆದುಹೋಗುತ್ತದೆ. ಒಂದೇ ಬದಲಾಗಿದ್ದವರು ವಾಹಕರು. ಅವರು ಎಲ್ಲರಂತೆ ದುಡಿಯುತ್ತಾರೆ, ಎಲ್ಲರಂತೆ ಬದುಕುತ್ತಾರೆ. ಮಲೇರಿಯಾ ಜನರನ್ನು ಬಲಿ ತೆಗೆದುಕೊಂಡ ಕಾಡು ನಾಡುಗಳಲ್ಲಿ ಈ ಒಂದು ಬೀಜ ಮಕ್ಕಳನ್ನು ಕಾಪಾಡಿದೆ, ಅದಕ್ಕೇ ಅದು ಉಳಿದುಬಂದಿದೆ. ಕೆಟ್ಟ ರಕ್ತ ಎಂಬ ಮಾತನ್ನು ಬಿಡಿ ಎಂದೆ. ಹುಡುಗನಿಂದ ಏನನ್ನೂ ಮುಚ್ಚಿಡಬೇಡ, ಅವನ ಪರೀಕ್ಷೆ ಆಗುವವರೆಗೆ ಯಾರೂ ಏನನ್ನೂ ತೀರ್ಮಾನಿಸುವಂತಿಲ್ಲ ಎಂದೂ ಹೇಳಿ ಕಳುಹಿಸಿದೆ.

ಮೂರನೆಯ ಭೇಟಿಗೆ ಹುಡುಗ ತಾಯಿಯನ್ನು ಕರೆತಂದ. ಹೊರಗೆ ಮಳೆ ಜಡಿಯುತ್ತಿತ್ತು. ಅವರು ಬಾಗಿಲ ಬಳಿಯ ಕುರ್ಚಿಯಲ್ಲೇ ಕುಳಿತರು, ಮುಂದೆ ಬರಲಿಲ್ಲ. ವಂಶದ ವಿವರ ಬರೆದುಕೊಳ್ಳುವಾಗ ನಾನು ಎಲ್ಲರನ್ನೂ ಕೇಳುವಂತೆ ಕೇಳಿದೆ: "ಮಕ್ಕಳೆಷ್ಟು ಅವ್ವ?"

"ಮೂವರು" ಎಂದವರು ಸ್ವಲ್ಪ ಹೊತ್ತು ಬಿಟ್ಟು, "ಇರುವುದು ಇಬ್ಬರು" ಎಂದರು.

ಹೋದದ್ದು ಈ ಹುಡುಗನ ತಮ್ಮ, ಆರು ವರ್ಷಕ್ಕೆ. ವರ್ಷ ತುಂಬುವ ಮೊದಲೇ ಅಂಗೈ ಅಂಗಾಲು ಊದಿಕೊಂಡು ಅಳುತ್ತಿತ್ತಂತೆ. ಕಣ್ಣು ಹಳದಿ, ಹೊಟ್ಟೆಯ ಎಡಭಾಗ ದಪ್ಪ. ಮಳೆ ಹಿಡಿದರೆ ಕಾಲು ನೋವು. "ರಾತ್ರಿಯೆಲ್ಲ ನಾನೇ ಎಣ್ಣೆ ತಿಕ್ಕುತ್ತಿದ್ದೆ" ಎಂದ ಹುಡುಗ. ಕೊನೆಗೆ ಒಂದೇ ರಾತ್ರಿಯ ಜ್ವರದಲ್ಲಿ ಮಗು ಹೋಯಿತು.

ನನ್ನ ಪೆನ್ನು ನಿಂತಿತು. ಆ ಮಗುವಿನ ರಕ್ತ ಪರೀಕ್ಷೆ ಆಗಿರಲಿಲ್ಲ, ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಹೇಳಿದ ಲಕ್ಷಣಗಳೆಲ್ಲ ಸಿಕಲ್ ಸೆಲ್ ಕಾಯಿಲೆಯವೇ. ಮಗುವಿಗೆ ಆ ಕಾಯಿಲೆ ಇದ್ದಿದ್ದರೆ ತಾಯಿಯೂ ತೀರಿಹೋದ ತಂದೆಯೂ ವಾಹಕರೇ. ರೋಗವಿಲ್ಲದೆ ಬೆಳೆದ ಈ ಅಣ್ಣ ವಾಹಕನಾಗಿರುವ ಸಂಭವ ಮೂರರಲ್ಲಿ ಎರಡು. ಹುಡುಗಿಯತ್ತ ಎಸೆದ "ಕೆಟ್ಟ ರಕ್ತ" ಎಂಬ ಮಾತು ತಿರುಗಿ ಆ ತಾಯಿಯ ಮೇಲೆಯೇ ಬೀಳುವುದರಲ್ಲಿತ್ತು, ಅದೂ ಆ ಹುಡುಗಿಯ ಎದುರಿಗೆ. ಹುಡುಗ ಹುಡುಗಿಯನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳುಹಿಸಿದೆ. ಕುರ್ಚಿ ಎಳೆದುಕೊಂಡು ಬಾಗಿಲ ಬಳಿಗೇ ಹೋಗಿ ಕುಳಿತೆ. ಅವವೇ ಕಾಫಿ ಹಣ್ಣುಗಳು, ಅದೇ ಮಾತು. ಮಗುವಿಗೆ ನಿಮ್ಮಿಂದ ಒಂದು, ಅವರಪ್ಪನಿಂದ ಒಂದು ಬಂದಿರಬಹುದು, ಹೊಟ್ಟೆಯಲ್ಲಿ ಮೂಡಿದ ದಿನವೇ ಅದು ತೀರ್ಮಾನವಾಗಿತ್ತು ಎಂದೆ.

ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ಹಾಗಾದರೆ ನಾನು ನಾಟಿಗೆ ಹೋದದ್ದಕ್ಕೆ ಅಲ್ಲವೇ?"

ಬಸುರಿಯಾಗಿದ್ದಾಗ ಆಷಾಢದ ಮಳೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಅವರು ನಾಟಿ ಮಾಡಿದ್ದರು. ಆ ಥಂಡಿಯೇ ಮಗುವಿನ ಮೂಳೆಗೆ ಇಳಿದಿದೆ ಎಂದು ಗಂಡ ಸಾಯುವವರೆಗೂ ಹೇಳಿದ್ದನಂತೆ. ಹದಿನಾಲ್ಕು ವರ್ಷ ಅವರು ಅದನ್ನು ನಂಬಿ ಬದುಕಿದ್ದರು. ಅಲ್ಲ ಅವ್ವ, ನಾಟಿಯಿಂದ ಅಲ್ಲ ಎಂದೆ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಹೇಳಿದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬಳಿಕ ತಾವೇ ಎದ್ದು ಬಾಗಿಲಿಗೆ ಹೋಗಿ ಹುಡುಗಿಯನ್ನು ಕರೆದು, "ನಿನ್ನಲ್ಲಿರುವ ಬೀಜ ನನ್ನಲ್ಲೂ ಇರಬಹುದಂತೆ, ಬಾ ಒಳಗೆ" ಎಂದರು.

ಪರೀಕ್ಷೆಯಲ್ಲಿ ತಾಯಿ ವಾಹಕಿ, ಮಗನೂ ವಾಹಕ ಎಂದು ಖಚಿತವಾಯಿತು.

ಮುಂದೆ ನಾನು ಕೊಟ್ಟ ಸಲಹೆಗೆ ಆಕ್ಷೇಪ ಬಂದಿದೆ. ಇಬ್ಬರೂ ವಾಹಕರಾದರೆ ಮದುವೆ ಬೇಡ ಎಂದು ಕಡ್ಡಿ ಮುರಿದಂತೆ ಹೇಳಬೇಕಿತ್ತು ಎಂದು ನನಗಿಂತ ಹಿರಿಯರಾದ ವೈದ್ಯರೊಬ್ಬರು ಬೇಸರಪಟ್ಟರು. ಅವರ ಕಾಳಜಿ ನಿಜವಾದದ್ದು, ನರಳುವ ಮಕ್ಕಳನ್ನು ಅವರು ವಾರ್ಡಿನಲ್ಲಿ ನೋಡುತ್ತಾರೆ. ಆದರೂ ನಾನು ಹಾಗೆ ಹೇಳುವುದಿಲ್ಲ. ನಮ್ಮ ಹಾಡಿಗಳಲ್ಲಿ ಮೆಚ್ಚಿದವರು ಜೊತೆಯಾಗುತ್ತಾರೆ, ಹಿರಿಯರು ಆಮೇಲೆ ಒಪ್ಪುತ್ತಾರೆ. ಬೇಡ ಎಂದರೆ ಅವರು ಒಟ್ಟಾಗುವುದು ನಿಲ್ಲುವುದಿಲ್ಲ, ನನ್ನ ಬಳಿ ಬರುವುದು ನಿಲ್ಲುತ್ತದೆ. ಕಾರ್ಡ್ ಮನೆಯ ಸೂರಿಗೆ ಸಿಕ್ಕಿಸಿದಲ್ಲೇ ಉಳಿಯುತ್ತದೆ, ಮುಂದಿನ ಶಿಬಿರಕ್ಕೆ ಯಾರೂ ಬೆರಳು ಚಾಚುವುದಿಲ್ಲ. ಕಾರ್ಡ್ ಮದುವೆ ಮುರಿಯುವ ಕಾಗದವಾದರೆ ಮೊದಲು ಮುರಿಯುವುದು ಹೆಣ್ಣುಮಕ್ಕಳ ಮದುವೆ. ಗಂಡಿನ ಕಾರ್ಡ್ ಎಲ್ಲಿ ಎಂದು ಈ ಪ್ರಕರಣದಲ್ಲೂ ಯಾರೂ ಕೇಳಿರಲಿಲ್ಲ.

ಹಾಗಾಗಿ ಇಬ್ಬರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ನಡೆಯುವುದಿಲ್ಲ. ಪ್ರತಿ ಸಲವೂ ಹೊಸ ಲೆಕ್ಕ. ಇದನ್ನು ತಿಳಿದ ಮೇಲೆ ಬೇಡವೆನಿಸಿದರೆ ಬಿಡುವ ಹಕ್ಕು ಇಬ್ಬರಿಗೂ ಇದೆ. ಮದುವೆಯಾದರೆ ಮುಟ್ಟು ನಿಂತ ಕೂಡಲೇ ಬರಬೇಕು, ಮೂರು ತಿಂಗಳು ತುಂಬಲಿ ಎಂದು ಕಾಯಬಾರದು. ಸುಮಾರು 11ರಿಂದ 13 ವಾರಗಳ ನಡುವೆ ಮಾಸಿನ ಚೂರು ತೆಗೆದು, ಅದು ತಪ್ಪಿದರೆ 15 ವಾರದ ನಂತರ ಗರ್ಭದ ನೀರು ತೆಗೆದು ಭ್ರೂಣದ ಪರೀಕ್ಷೆ ಮಾಡಬಹುದು. ಸ್ಕ್ಯಾನ್, ಗರ್ಭದ ಪರೀಕ್ಷೆ ಎಂದರೆ ಪೊಲೀಸರು ಹಿಡಿಯುತ್ತಾರೆ ಎಂದು ಹುಡುಗ ಹೆದರಿದ್ದ. 1994ರ ಕಾಯ್ದೆ ನಿಷೇಧಿಸಿರುವುದು ಗಂಡೋ ಹೆಣ್ಣೋ ಎಂದು ತಿಳಿಸುವುದನ್ನು. ಹಿಮೋಗ್ಲೋಬಿನ್ ದೋಷದ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಫಲಿತಾಂಶ ನೋಡಿ ಬಸಿರನ್ನು ಉಳಿಸಿಕೊಳ್ಳುವುದೋ ಬೇಡವೋ ಎಂಬುದು ಆ ಹೆಣ್ಣಿನ ತೀರ್ಮಾನ, ನನ್ನದಲ್ಲ, ಅತ್ತೆಯದೂ ಅಲ್ಲ. ಕಾಯಿಲೆಯ ಮಗುವನ್ನೇ ಹೆತ್ತರೂ ಆ ಮಗುವಿಗೆ ಇಂದು ನೋವಿನ ಬಾಧೆ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಔಷಧಿ ಇದೆ, ಲಸಿಕೆಗಳಿವೆ, ಸೋಂಕು ತಡೆಯುವ ಪೆನಿಸಿಲಿನ್ ಇದೆ. ತಮ್ಮನಿಗೆ ಸಿಗದೆ ಹೋದದ್ದು ಮಗುವಿಗೆ ಸಿಗುತ್ತದೆ.

ಒಂದು ಸಂಕಟ ಮಾತ್ರ ಉಳಿದಿದೆ. ಆಯ್ಕೆ ನಿಮ್ಮದು ಎಂದು ಹೇಳುವುದು ಸುಲಭ. ಆ ಪರೀಕ್ಷೆಗೆ ಘಟ್ಟ ಇಳಿದು ದೊಡ್ಡ ಊರಿಗೆ ಹೋಗಬೇಕು, ಇಬ್ಬರ ಕೂಲಿ ಹೋಗುತ್ತದೆ, ಜೊತೆಗೊಬ್ಬರು ಬೇಕು. ಇದನ್ನೆಲ್ಲ ಏರ್ಪಾಡು ಮಾಡದೆ ನಾನು ಕೊಟ್ಟ ಸಲಹೆ ಅರ್ಧ ಸಲಹೆ. ಅದಕ್ಕಾಗಿ ಅವರೊಡನೆ ಹೋಗುವ ಆಶಾ ಕಾರ್ಯಕರ್ತೆಯನ್ನು ಈಗಲೇ ಗೊತ್ತುಮಾಡಿದ್ದೇನೆ.

ಕಾಫಿ ಕೊಯ್ಲು ಮುಗಿದ ಮೇಲೆ ಮದುವೆಯಾಯಿತು. ಹೋದ ತಿಂಗಳು ಹುಡುಗನ ತಾಯಿ ಒಬ್ಬರೇ ಬಂದಿದ್ದರು. ಅವರ ತಂಗಿಯ ಮಗನಿಗೆ ನಾಲ್ಕು ವರ್ಷ, ಮಳೆ ಹಿಡಿದರೆ ಕಾಲು ನೋವೆಂದು ಅಳುತ್ತಾನಂತೆ. ಬೆಚ್ಚಗೆ ಹೊದಿಸಿ, ನೀರು ಚೆನ್ನಾಗಿ ಕುಡಿಸಿ, ಮಂಗಳವಾರದ ಮೊದಲ ಬಸ್ಸಿಗೇ ಕರೆತನ್ನಿ ಎಂದಿದ್ದೇನೆ.